ಬಾಕಿದಾರ ದೊರೆಯ ಊರಲ್ಲಿ ಬಾಡಿಗೆ ಕೋಣೆ

ಬ್ಯಾಂಕಿನ ಕೌಂಟರಿನಲ್ಲಿದ್ದ ಹುಡುಗಿ ನನ್ನ ಖಾತೆಯ ಆರು ತಿಂಗಳ ಜಾತಕಕ್ಕೆ ಹಾಳೆ ಹಾಳೆಗೂ ಮೊಹರು ಗುದ್ದುತ್ತ ಕೇಳಿದಳು: "ಏನ್ ಸಾರ್, ಮನೆ ಸಾಲಕ್ಕಾ?"

"ಅಲ್ಲಮ್ಮ, ಆಸ್ಟ್ರಿಯಾದಲ್ಲಿ ನಾಲ್ಕು ರಾತ್ರಿ ಮಲಗೋದಕ್ಕೆ."

ಗುದ್ದು ನಿಂತಿತು. ಮಲಗುವುದಕ್ಕೂ ಬ್ಯಾಂಕಿನ ಮೊಹರು ಬೇಕಾಗುತ್ತದೆ ಎಂದು ಆಕೆಗೆ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಆಮೇಲೆ ಮರುಕದಿಂದ, "ಆಸ್ಟ್ರೇಲಿಯಾದಲ್ಲಿ ನಮ್ಮ ದೊಡ್ಡಮ್ಮನ ಮಗ ಇದ್ದಾನೆ ಸಾರ್. ನಂಬರ್ ಕೊಡ್ಲಾ? ಅವರ ಮನೇಲೇ ಮಲಗ್ಬೋದು" ಅಂದಳು. ಈ ಗೊಂದಲ ಆಕೆಯೊಬ್ಬಳದೇ ಅಲ್ಲ. ಇಲ್ಲಿ ಕಾಂಗರೂ ಇಲ್ಲ ಎಂದು ಬರೆದ ಬನಿಯನ್ನುಗಳನ್ನು ಆಸ್ಟ್ರಿಯಾದ ಅಂಗಡಿಗಳು ಬಾಗಿಲಿಗೇ ತೂಗುಹಾಕಿ ಮಾರುತ್ತವೆ. ಇರುವ ಪ್ರಾಣಿಯನ್ನು ತೋರಿಸಿ ಕಾಸು ಮಾಡುವವರನ್ನು ಕಂಡಿದ್ದೇವೆ. ಇಲ್ಲದ ಪ್ರಾಣಿಯಿಂದ ಕಾಸು ಮಾಡುವವರು ಇವರೇ ಇರಬೇಕು.

ನಾವು ಹೊರಟಿರುವುದು ಇನ್ಸ್‌ಬ್ರುಕ್ಕಿಗೆ. ಇನ್ ಎಂಬ ನದಿ, ಅದಕ್ಕೊಂದು ಸೇತುವೆ, ಊರಿನ ಹೆಸರಿನ ಅರ್ಥ ಅಷ್ಟೇ. ಮಲೆನಾಡಿನವರು ನಾಮಕರಣ ಮಾಡಿದ್ದರೆ 'ಇನ್‌ಸಂಕ' ಅಂದು ಮುಗಿಸುತ್ತಿದ್ದರು, ನಾಲಗೆಗೂ ಹಗುರ. ಸುತ್ತ ಆಲ್ಪ್ಸ್ ಬೆಟ್ಟ, ನಡುವಿನ ಕಣಿವೆಯಲ್ಲಿ ಹೆಚ್ಚು ಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟು ಜನ. ಈ ಪುಟ್ಟ ಊರು ಎರಡೆರಡು ಸಲ ಚಳಿಗಾಲದ ಒಲಿಂಪಿಕ್ಸ್ ನಡೆಸಿದೆ. 1964ರಲ್ಲಿ ಹಿಮವೇ ಸರಿಯಾಗಿ ಬೀಳದೆ ಸೈನಿಕರು ಮೇಲಿನ ಬೆಟ್ಟಗಳಿಂದ ಹೊತ್ತು ತಂದು ಸುರಿದರು. 1976ರದು ಅಮೆರಿಕದ ಡೆನ್ವರಿನ ಜನ ಖರ್ಚಿಗೆ ಬೆದರಿ ಬೇಡವೆಂದು ವೋಟು ಹಾಕಿದ್ದನ್ನು ಎತ್ತಿಕೊಂಡದ್ದು.

ಇದೇ ಊರು ಏಕೆ ಅಂದರೆ, ನನ್ನ ಷಡ್ಡಕ ಸ್ವಿಟ್ಜರ್ಲೆಂಡಿಗೆ ಹೋಗಿಬಂದ. ಬಂದವನು ಸುಮ್ಮನಿರದೆ ಹಿಮದಲ್ಲಿ ಕೂತು ತೆಗೆಸಿಕೊಂಡ ಚಿತ್ರವನ್ನು ಗೃಹಪ್ರವೇಶದ ಫೋಟೋಗಿಂತ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ. ಸ್ವಿಟ್ಜರ್ಲೆಂಡಿನ ಬೆಲೆ ಕೇಳಿದ ಮೇಲೆ ನನಗೆ ಭೂಗೋಳದಲ್ಲಿ ಆಸಕ್ತಿ ಹುಟ್ಟಿತು. ಅದೇ ಆಲ್ಪ್ಸ್, ಅದೇ ಹಿಮ, ಅದೇ ಗಂಟೆ ಕಟ್ಟಿದ ಹಸು. ಗಡಿಯ ಈಚೆಗೆ ಹುಟ್ಟಿದ್ದರಿಂದ ಹಸುವಿನ ರೇಟು ಸ್ವಲ್ಪ ಇಳಿದಿದೆ.

"ಸಾಧಾರಣವಾದ ಒಂದು ಹೋಟೆಲ್ ಸಾಕು ಕಣ್ರೀ. ಹೋಟೆಲಲ್ಲಿ ಕೂತಿರೋಕೆ ಹೋಗ್ತೀವಾ, ಊರು ನೋಡೋಕೆ ಹೋಗ್ತೀವಾ?" ಅಂದಳು ಹೆಂಡತಿ.

ಈ ಮಾತು ಬಾಯಿಂದ ಬಿದ್ದ ದಿನದಿಂದ ಮೂರು ತಿಂಗಳು ನಾವು ನೋಡಿದ್ದು ಬರೀ ಹೋಟೆಲನ್ನೇ. ಕೋಣೆಯ ಫೋಟೋಗಳನ್ನು ಎಷ್ಟು ದೊಡ್ಡದು ಮಾಡಿ ನೋಡಿದ್ದೇವೆಂದರೆ ಯಾವ ಹೋಟೆಲಿನ ಯಾವ ದಿಂಬಿನ ಮೇಲೆ ಕಲೆ ಇದೆ ಎಂದು ಈಗ ನನ್ನನ್ನು ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ತೊಡಕಿನ ಬೇರು ಭಾಷೆಯಲ್ಲಿದೆ. ಕನ್ನಡದಲ್ಲಿ ಹೋಟೆಲ್ ಅಂದರೆ ದೋಸೆ ತಿನ್ನುವ ಜಾಗ. ಮಲಗುವ ಜಾಗಕ್ಕೆ ಲಾಡ್ಜ್ ಅನ್ನುತ್ತೇವೆ, ಅನ್ನುವಾಗ ದನಿ ತಗ್ಗಿಸುತ್ತೇವೆ. ಮರ್ಯಾದಸ್ಥರು ಊರು ಬಿಟ್ಟು ಹೋದರೆ ನೆಂಟರ ಮನೆಯಲ್ಲಿ ಮಲಗುತ್ತಿದ್ದರು, ಛತ್ರದಲ್ಲಿ ಮಲಗುತ್ತಿದ್ದರು, ಮಠದ ಹಜಾರದಲ್ಲಿ ಮಲಗುತ್ತಿದ್ದರು. ಅಲ್ಲೆಲ್ಲ ಅಂಕ ಕೊಡುವ ಪದ್ಧತಿ ಇರಲಿಲ್ಲ. ಈಗ ಹೋಟೆಲ್ ಆರಿಸುವುದು ಹುಡುಗನ ಮನೆ ನೋಡಿದಷ್ಟೇ ಜವಾಬ್ದಾರಿಯ ಕೆಲಸ. ನಕ್ಷತ್ರ ಯಾವುದು? ಮೂರು. ಗುಣ ಎಷ್ಟು ಕೂಡಿಬರುತ್ತೆ? ಹತ್ತಕ್ಕೆ 8.4. ಇನ್ನೊಂದು ಸಂಬಂಧ 8.6 ಇದೆಯಲ್ಲ? ಇದೆ, ಆದರೆ ಅದಕ್ಕೆ ಲಿಫ್ಟಿಲ್ಲ. ಹಳೇಪೇಟೆಯ ಕಟ್ಟಡಗಳ ವಯಸ್ಸು ಐನೂರರ ಆಸುಪಾಸು. ಕಟ್ಟಿದವರಿಗೆ ಮೂರು ಸೂಟ್‌ಕೇಸು ಹೊತ್ತು ಬರುವ ಬಸವನಗುಡಿಯ ಸಂಸಾರದ ಕಲ್ಪನೆ ಇದ್ದಂತಿಲ್ಲ.

ಅಂಕ ಕೊಟ್ಟವರ ಟಿಪ್ಪಣಿಗಳನ್ನು ಓದುವುದು ಬೇರೆಯೇ ವ್ಯಾಸಂಗ. ಒಬ್ಬ ಮಹಾಶಯ ತಿಂಡಿಯ ಮೊಟ್ಟೆ ಅರ್ಧ ನಿಮಿಷ ಹೆಚ್ಚು ಬೆಂದಿತ್ತೆಂದು ಪ್ರಬಂಧ ಬರೆದಿದ್ದಾನೆ. ಇನ್ನೊಬ್ಬಳಿಗೆ ಚರ್ಚಿನ ಗಂಟೆ ಬೆಳಗಿನ ಜಾವ ಬಾರಿಸಿದ್ದು ಹೋಟೆಲಿನವರ ತಪ್ಪು. ಚರ್ಚು ಅಲ್ಲಿ ಹೋಟೆಲಿಗಿಂತ ಮೊದಲೇ ಇತ್ತು ಎಂಬುದು ಆಕೆಗೆ ಹೊಳೆದಿಲ್ಲ. ನಮ್ಮ ಕಡೆಯವರ ಬರವಣಿಗೆಯನ್ನು ಹೆಸರು ನೋಡದೆಯೇ ಗುರುತಿಸಬಹುದು. ಬಚ್ಚಲಲ್ಲಿ ಬಕೆಟ್ಟಿಲ್ಲ, ಚೊಂಬಿಲ್ಲ, ಫ್ಯಾನಿಲ್ಲ, ನೋಟ ಮಾತ್ರ ಚೆನ್ನಾಗಿದೆ, ಒಂದು ನಕ್ಷತ್ರ.

ಪಟ್ಟಿಯಲ್ಲಿ 'ಗಾರ್ನಿ' ಎಂಬ ಹೆಸರು ಮತ್ತೆ ಮತ್ತೆ ಬಂತು. ಯಾರೋ ಗಾರ್ನಿ ಮನೆತನದವರು ಊರಿನ ಅರ್ಧ ಹೋಟೆಲುಗಳನ್ನು ಕೊಂಡಿದ್ದಾರೆ, ನಮ್ಮ ಉಡುಪಿಯವರ ಹಾಗೆ, ಅಂದುಕೊಂಡು ಒಂದು ವಾರ ಅವರನ್ನು ಗೌರವಿಸಿದೆ. ಆಮೇಲೆ ತಿಳಿಯಿತು: ಬೆಳಗಿನ ತಿಂಡಿ ಉಂಟು, ಊಟ ಇಲ್ಲ ಎಂಬ ಸಂಗತಿಗೆ ಅಲ್ಲಿಯವರು ಇಟ್ಟ ಹೆಸರದು. ಊಟ ಇಲ್ಲ ಅನ್ನುವುದನ್ನು ಬಿರುದಿನ ಹಾಗೆ ಬೋರ್ಡಿನ ಮೇಲೆ ಬರೆಸಿಕೊಳ್ಳಬಹುದು ಎಂಬುದು ಉಡುಪಿಯವರಿಗೆ ಇನ್ನೂ ಹೊಳೆದಿಲ್ಲ.

ಜೋಡಿ ಹಾಸಿಗೆಯ ಕಥೆ ಇನ್ನೊಂದು. ಮಂಚ ಒಂದೇ, ಆದರೆ ಅದರ ಮೇಲೆ ಎರಡು ಪ್ರತ್ಯೇಕ ಹಾಸಿಗೆ, ನಡುವೆ ಸ್ಪಷ್ಟವಾದ ಗಡಿರೇಖೆ, ತಲೆಗೊಂದರಂತೆ ಮಡಚಿಟ್ಟ ಎರಡು ಹೊದಿಕೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಆಡಿ ಬಿಟ್ಟೆವು. ಅವರು ಜಾರಿಗೆ ತಂದಿದ್ದಾರೆ. ಹೆಂಡತಿ ಫೋಟೋ ನೋಡಿ, "ಇಪ್ಪತ್ತೆಂಟು ವರ್ಷದಲ್ಲಿ ಮೊದಲನೇ ಸಲ ಪೂರ್ತಿ ಹೊದಿಕೆ ಸಿಗತ್ತೆ ನಂಗೆ" ಅಂದಳು. ಆ ಹೋಟೆಲಿನ ಅಂಕ ನಮ್ಮ ಮನೆಯಲ್ಲಿ 9.2ಕ್ಕೆ ಏರಿತು.

ಇನ್ನು ನೋಟ. ಬೆಟ್ಟ ಕಾಣುವ ಕೋಣೆಗೆ ಒಂದು ರೇಟು, ಹಿತ್ತಲ ಕಡೆಯದಕ್ಕೆ ಕಡಿಮೆ ರೇಟು. ಇನ್ಸ್‌ಬ್ರುಕ್ಕಿನಲ್ಲಿ ಬೆಟ್ಟ ಕಾಣದಂತೆ ಮಾಡಲು ವಿಶೇಷ ಪರಿಶ್ರಮ ಬೇಕು. ಮರಿಯಾ ತೆರೇಸಿಯಾ ರಸ್ತೆಯಲ್ಲಿ ನಿಂತು ಉತ್ತರಕ್ಕೆ ತಲೆ ಎತ್ತಿದರೆ ನಾರ್ಡ್‌ಕೆಟ್ಟೆ ಬೆಟ್ಟಸಾಲು ರಸ್ತೆಯ ತುದಿಗೇ ಬಂದು ಕೂತಿರುತ್ತದೆ. ಊರು ಇರುವುದು 574 ಮೀಟರ್ ಎತ್ತರದಲ್ಲಿ. ಊರ ನಡುವೆಯೇ ರೈಲು ಹತ್ತಿ, ಆಮೇಲೆ ತಂತಿಗೆ ತೂಗುವ ಡಬ್ಬಿಗೆ ಬದಲಾಯಿಸಿದರೆ, ಅರ್ಧ ಗಂಟೆಯೊಳಗೆ 2,256 ಮೀಟರಿನ ಹಾಫೆಲೆಕಾರ್ ನಿಲ್ದಾಣಕ್ಕೆ ತಲುಪಿಸುತ್ತಾರೆ. ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ಮೇಲೆ, ಒಂದು ಬೆವರ ಹನಿಯೂ ಸುರಿಸದೆ. ಹೀಗೆ ಬೀದಿ ಬೀದಿಗೂ ಪುಕ್ಕಟೆ ಬಿದ್ದಿರುವ ಬೆಟ್ಟವನ್ನು ಕಿಟಕಿಯ ಚೌಕಟ್ಟಿನಲ್ಲಿ ಹಿಡಿದು ರಾತ್ರಿಗೆ ಇಷ್ಟು ಯೂರೋ ಅನ್ನುತ್ತಾರಲ್ಲ, ಅದೂ ಮಲಗುವ ಕತ್ತಲಲ್ಲಿ! ಹಿತ್ತಲ ಕಡೆಯದನ್ನೇ ಹಿಡಿದೆ. ಷಡ್ಡಕನಿಗೆ ಕಳಿಸುವ ಫೋಟೋವನ್ನು ರಸ್ತೆಗೆ ಇಳಿದು ತೆಗೆದರಾಯಿತು.

ಕೋಣೆ ಗೊತ್ತಾದ ಮೇಲೆ ವೀಸಾ. ಅಲ್ಲ, ವೀಸಾ ಆದ ಮೇಲೆ ಕೋಣೆ. ಇಲ್ಲ ಇಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂದು ನಮ್ಮ ಹಿರಿಯರು ಹೇಳಿದ್ದು ಷೆಂಗೆನ್ ವೀಸಾದ ಬಗ್ಗೆಯೇ. ಕೋಣೆ ಕಾದಿರಿಸಿದ ಕಾಗದ ಇಲ್ಲದೆ ವೀಸಾ ಇಲ್ಲ. ವೀಸಾ ಬರುವ ಮುಂಚೆ ಕೋಣೆಗೆ ಹಣ ಸುರಿದವನಿಗೆ ಬುದ್ಧಿ ಇಲ್ಲ. ಈ ಇಕ್ಕಟ್ಟಿಗೆ ಹೋಟೆಲಿನವರೇ ಒಂದು ಕಿಂಡಿ ತೆರೆದಿದ್ದಾರೆ: ಇಂಥ ದಿನದೊಳಗೆ ರದ್ದು ಮಾಡಿದರೆ ದಂಡವಿಲ್ಲ. ಆ ಕಿಂಡಿಯೊಳಗೆ ಇಡೀ ಭಾರತ ನುಗ್ಗುತ್ತಿದೆ. ನನಗೆ ಪರಿಚಯದ ಒಬ್ಬರು ಮೂರು ದೇಶಗಳಲ್ಲಿ ಏಳು ಕೋಣೆ ಹಿಡಿದಿಟ್ಟು, ವೀಸಾ ಬಂದ ಮಧ್ಯಾಹ್ನವೇ ಏಳನ್ನೂ ಕೈಬಿಟ್ಟು, ಆರಾಮವಾಗಿ ನಾದಿನಿಯ ಮನೆಯಲ್ಲಿ ಇಳಿದುಕೊಂಡರು. ಸಾಧಾರಣ ಹೋಟೆಲ್ ಅಂದರೆ ಮಲಗುವ ಜಾಗವಲ್ಲ, ಅದೊಂದು ಸರ್ಟಿಫಿಕೇಟು.

ಉಳಿದ ಕಾಗದಗಳೂ ಕಡಿಮೆಯಿಲ್ಲ. ಶುಲ್ಕ 90 ಯೂರೋ, ನಿರಾಕರಿಸಿದರೂ ವಾಪಸಿಲ್ಲ. ಕಾಯಿಲೆ ಬಿದ್ದರೆ ಕನಿಷ್ಠ 30,000 ಯೂರೋ ಭರಿಸುವ ವಿಮೆ. ಒಂದು ಯೂರೋಗೆ ನೂರರ ಆಚೀಚೆ ಅಂತ ಲೆಕ್ಕ ಹಾಕಿ ನೋಡಿ. ನನ್ನ ದೇಹಕ್ಕೆ ಇಷ್ಟು ಬೆಲೆ ಇದೆಯೆಂದು ಮನೆಯಲ್ಲಿ ಯಾರೂ ಈವರೆಗೆ ಹೇಳಿರಲಿಲ್ಲ. ಹತ್ತು ಬೆರಳಿನ ಗುರುತು. ಯಾಕೆ ಬರುತ್ತೀರಿ, ಯಾಕೆ ವಾಪಸು ಹೋಗುತ್ತೀರಿ ಎಂದು ವಿವರಿಸುವ ವಿನಯದ ಪತ್ರ. ಮತ್ತು ಮೊದಲೇ ಹೇಳಿದ ಬ್ಯಾಂಕಿನ ಜಾತಕ. ನಾಲ್ಕು ರಾತ್ರಿಯ ಬಾಡಿಗೆ ಕೊಡುವ ಯೋಗ್ಯತೆ ಈ ಮನುಷ್ಯನಿಗೆ ಇದೆಯೇ ಎಂಬುದು ಆ ಘನ ಸರ್ಕಾರದ ಚಿಂತೆ.

ಈ ಚಿಂತೆ ಅವರಿಗೆ ಎಲ್ಲಿಂದ ಬಂತು ಎಂದು ನೋಡಲು ಹೋಗಿ ನಾನು ಇನ್ಸ್‌ಬ್ರುಕ್ಕಿನ ಚರಿತ್ರೆಯೊಳಗೆ ಬಿದ್ದೆ. ನೆಪ ಒದಗಿಸಿದ್ದೂ ಹೋಟೆಲುಗಳೇ. ಅಲ್ಲಿಯ ಪ್ರತಿ ಹೋಟೆಲೂ ತಾನು 'ಚಿನ್ನದ ಸೂರಿ'ನಿಂದ ಇಷ್ಟು ಮೀಟರ್ ದೂರ ಎಂದು ಹೇಳಿಕೊಳ್ಳುತ್ತದೆ. ಹಳೇಪೇಟೆಯ ಒಂದು ಮಹಡಿಯ ಮೊಗಸಾಲೆಗೆ ಹೊದಿಸಿದ 2,657 ಹೆಂಚುಗಳು; ಒಳಗೆ ತಾಮ್ರ, ಮೇಲೆ ಚಿನ್ನದ ನೀರು. ಜನರ ಬಾಯಲ್ಲಿರುವ ಕಥೆಯ ಪ್ರಕಾರ ಇದನ್ನು ಮಾಡಿಸಿದವನು ಹದಿನೈದನೇ ಶತಮಾನದ ಡ್ಯೂಕ್ ನಾಲ್ಕನೇ ಫ್ರೆಡ್ರಿಕ್. ಅವನಿಗೆ 'ಖಾಲಿ ಜೇಬಿನ ಫ್ರೆಡ್ರಿಕ್' ಎಂದು ಅಡ್ಡಹೆಸರಿತ್ತಂತೆ, ಅದನ್ನು ಸುಳ್ಳು ಮಾಡಲು ಸೂರಿಗೆ ಚಿನ್ನ ಬಳಿಸಿದನಂತೆ. ಮನೆಯ ಮುಂಭಾಗಕ್ಕೆ ಮಾತ್ರ ಗ್ರಾನೈಟ್ ಹಚ್ಚುವ ನಮ್ಮ ಬಡಾವಣೆಯವರಿಗೆ ಆತ ತೀರಾ ಹತ್ತಿರದ ಸಂಬಂಧಿ. ಆದರೆ ಚರಿತ್ರೆ ಬೇರೆ ಹೇಳುತ್ತದೆ. ಸೂರು ಹಾಕಿಸಿದ್ದು ಚಕ್ರವರ್ತಿ ಮೊದಲನೇ ಮ್ಯಾಕ್ಸಿಮಿಲಿಯನ್, ಮುಗಿದದ್ದು 1500ರ ಸುಮಾರಿಗೆ. ಅವನ ಜೇಬಿನ ಕಥೆ ಫ್ರೆಡ್ರಿಕ್ಕಿನದಕ್ಕಿಂತ ಕಡೆ.

ಮ್ಯಾಕ್ಸಿಮಿಲಿಯನ್ ಸಾಲದಲ್ಲಿ ಹುಟ್ಟಿ ಸಾಲದಲ್ಲಿ ಆಳಿದವನು. ಪಕ್ಕದ ಷ್ವಾಝ್ ಊರಿನ ಬೆಳ್ಳಿ ಗಣಿಯ ಆದಾಯವನ್ನು ಆಗ್ಸ್‌ಬರ್ಗಿನ ಸಾಹುಕಾರ ಯಾಕೋಬ್ ಫುಗ್ಗರನಿಗೆ ಒತ್ತೆಯಿಟ್ಟು ಯುದ್ಧ ಮಾಡುತ್ತಿದ್ದ. ಎರಡನೇ ಮದುವೆಯಾದದ್ದು ಮಿಲಾನಿನ ಬಿಯಾಂಕಾ ಮರಿಯಾಳನ್ನು, ಮುಖ್ಯವಾಗಿ ಅವಳ ವರದಕ್ಷಿಣೆಯನ್ನು. ಅದೂ ಕರಗಿದ ಮೇಲೆ, ತಂಗಿದ ಊರುಗಳಲ್ಲಿ ಬಾಕಿ ತೀರಿಸಲಾಗದೆ ಹೆಂಡತಿಯನ್ನೇ ಭದ್ರತೆಗೆ ಬಿಟ್ಟು ಮುಂದಿನ ಊರಿಗೆ ಹೊರಡುತ್ತಿದ್ದ ಎಂದು ಹೇಳಿಕೆ. ಹರಿಶ್ಚಂದ್ರ ಹೆಂಡತಿಯನ್ನು ಮಾರಿದ್ದು ಸತ್ಯಕ್ಕಾಗಿ, ಧರ್ಮರಾಯ ಪಣಕ್ಕಿಟ್ಟದ್ದು ಜೂಜಿಗಾಗಿ. ಲಾಡ್ಜಿನ ಬಿಲ್ಲಿಗೆ ಅಡವಿಟ್ಟವನು ನಮ್ಮ ಪುರಾಣದಲ್ಲಿ ಇಲ್ಲ. ಈಗ ಹೋಟೆಲುಗಳು ಪಾಸ್‌ಪೋರ್ಟ್ ಮಾತ್ರ ಕೇಳುತ್ತವೆ. ನಾಗರಿಕತೆ ಮುಂದುವರಿದಿದೆ.

ಕೊನೆಗೆ 1518ರಲ್ಲಿ ಮುದಿ ಚಕ್ರವರ್ತಿ ತನ್ನ ಪರಿವಾರ ಕಟ್ಟಿಕೊಂಡು ತನ್ನದೇ ಪ್ರೀತಿಯ ಇನ್ಸ್‌ಬ್ರುಕ್ಕಿಗೆ ಬಂದ. ಊರಿನ ಛತ್ರದವರು ಬಾಗಿಲು ತೆಗೆಯಲಿಲ್ಲ. ಹಿಂದಿನ ಸಲದ ಬಾಕಿ ಕೊಡದೆ ಪರಿವಾರಕ್ಕೆ ಇಳಿಯಲು ಜಾಗವಿಲ್ಲ, ಕುದುರೆಗೆ ಲಾಯವಿಲ್ಲ ಅಂದುಬಿಟ್ಟರು. ಅರ್ಧ ಯುರೋಪಿನ ದೊರೆಯ ಬಂಡಿಗಳು ಅವನೇ ಬಳಿಸಿದ ಚಿನ್ನದ ಸೂರಿನ ಊರಲ್ಲಿ ಬೀದಿಯಲ್ಲಿ ನಿಂತವು. ನೊಂದುಕೊಂಡು ಅಲ್ಲಿಂದ ಹೊರಟವನು 1519ರ ಜನವರಿಯಲ್ಲಿ ವೆಲ್ಸ್ ಎಂಬ ಊರಿನಲ್ಲಿ ತೀರಿಕೊಂಡ. ಮಲಗುವ ಚಿಂತೆ ಮಾತ್ರ ಅವನಿಗೆ ಇರಲಿಲ್ಲವೆನ್ನಿ. 1514ರಿಂದಲೇ ಶವಪೆಟ್ಟಿಗೆಯನ್ನು ಹೋದಲ್ಲೆಲ್ಲ ಜೊತೆಗೇ ಸಾಗಿಸುತ್ತಿದ್ದ.

ಇಷ್ಟಕ್ಕೇ ಮುಗಿಯಲಿಲ್ಲ. ಈ ಊರಿನ ಹಾಫ್‌ಕಿರ್ಖೆ ಎಂಬ ಚರ್ಚಿನಲ್ಲಿ ಅವನ ಸಮಾಧಿಯಿದೆ. ಅಮೃತಶಿಲೆಯ ಮಂಟಪ, ಕಾವಲಿಗೆ ಆಳೆತ್ತರ ಮೀರಿದ ಇಪ್ಪತ್ತೆಂಟು ಕಂಚಿನ ವಿಗ್ರಹಗಳು, ಅದರಲ್ಲಿ ಒಬ್ಬ ಕಥೆಗಳ ಅರಸ ಆರ್ಥರ್. ಊರಿನವರು ಅದನ್ನು ಕರಿಯಾಳುಗಳ ಚರ್ಚು ಎಂದೇ ಕರೆಯುತ್ತಾರೆ. ತಲೆಮಾರುಗಳ ಕಾಲ ಕಟ್ಟಿ 1584ರಲ್ಲಿ ಮುಗಿಸಿದ ಆ ಸಮಾಧಿಯ ಒಳಗೆ ಯಾರೂ ಇಲ್ಲ. ದೊರೆ ಮಲಗಿರುವುದು ಆಸ್ಟ್ರಿಯಾದ ಇನ್ನೊಂದು ತುದಿಯ ವೀನರ್ ನಾಯ್‌ಸ್ಟಾಟ್‌ನಲ್ಲಿ. ಇಪ್ಪತ್ತೆಂಟು ಜನ ಸಾಲಾಗಿ ನಿಂತು ನಾಲ್ಕು ಶತಮಾನದಿಂದ ಕಾಯುತ್ತಿದ್ದಾರೆ, ಬುಕ್ ಮಾಡಿದವನು ಚೆಕ್‌ಇನ್ ಆಗಿಲ್ಲ. ಏಳು ಕೋಣೆ ಹಿಡಿದು ಕೈಬಿಟ್ಟ ನನ್ನ ಪರಿಚಯದವರಿಗೆ ಹೇಳಿದೆ: ನೀವು ಏನೂ ಅಲ್ಲ ಸ್ವಾಮಿ, ಆ ಊರಿನಲ್ಲಿ ಇದಕ್ಕೊಂದು ರಾಜಮಾರ್ಗವೇ ಇದೆ.

ಬ್ಯಾಂಕಿನ ಮೊಹರಿನ ಮೇಲೆ ನನಗಿದ್ದ ಸಿಟ್ಟು ಅಂದಿನಿಂದ ಸ್ವಲ್ಪ ಇಳಿಯಿತು. ಚಕ್ರವರ್ತಿಯಿಂದಲೇ ಮೋಸಹೋದವರು ಬಸವನಗುಡಿಯವನನ್ನು ನಂಬಲಿ ಅನ್ನುವುದು ಅತಿಯಾಯಿತು.

ನಡುವೆ ತಿಂಗಳ ವಿಷಯ ಹೇಳುವುದು ಮರೆತೆ. ನಮಗೆ ರಜೆ ಸಿಗುವುದು ಮೇನಲ್ಲಿ. ಇನ್ಸ್‌ಬ್ರುಕ್ಕಿನಲ್ಲಿ ಹೋಟೆಲ್ ಅಗ್ಗವಾಗುವುದೂ ಮೇನಲ್ಲೇ. ಈ ಕಾಕತಾಳೀಯಕ್ಕೆ ಹಿಗ್ಗಿ ಹುಗ್ಗಿಯಾದ ಮೇಲೆ ಕಾರಣ ತಿಳಿಯಿತು: ಹಿಮದಾಟ ಮುಗಿದಿರುತ್ತದೆ, ಬೆಟ್ಟದ ಚಾರಣ ಇನ್ನೂ ಶುರುವಾಗಿರುವುದಿಲ್ಲ, ತಂತಿಡಬ್ಬಿಗಳನ್ನು ಸಾಮಾನ್ಯವಾಗಿ ಈ ಹೊತ್ತಿನಲ್ಲೇ ಬಿಚ್ಚಿ ಎಣ್ಣೆ ಹಾಕುತ್ತಾರೆ. ದಕ್ಷಿಣದಿಂದ ಬೆಟ್ಟ ದಾಟಿ ಬಿಸಿಗಾಳಿ ಬೀಸಿದರೆ, ಅದಕ್ಕೆ ಫ್ಯೋನ್ ಅನ್ನುತ್ತಾರೆ, ಊರಿಗೆ ಊರೇ ತಲೆನೋವು ಅನ್ನುತ್ತದೆ. ಗಾಳಿ ಸೋಕಿದೆ ಎಂದು ನಮ್ಮಜ್ಜಿ ಬೇವಿನ ಸೊಪ್ಪು ನಿವಾಳಿಸುತ್ತಿದ್ದಾಗ ನಕ್ಕಿದ್ದೆವು. ಅಲ್ಲಿ ಹವಾಮಾನ ಇಲಾಖೆಯೇ ಹೇಳುತ್ತದೆ.

"ಹೋಗ್ಲಿ ಬಿಡಿ, ಬಸ್ಸು ಫ್ರೀ ಅಂತಲ್ಲ" ಅಂದಳು ಹೆಂಡತಿ. ನಿಜ, ಆ ಊರಲ್ಲಿ ಎರಡು ರಾತ್ರಿಯಾದರೂ ತಂಗುವವರಿಗೆ ಹೋಟೆಲಿನವರು ಒಂದು ಸ್ವಾಗತದ ಕಾರ್ಡು ಕೊಡುತ್ತಾರೆ. ಸಿಟಿ ಬಸ್ಸಿಗೆ ಟಿಕೆಟ್ ಬೇಡ. ನಮ್ಮ ಶಕ್ತಿ ಯೋಜನೆಯಲ್ಲಿ ಮೂಲೆಗೆ ಬಿದ್ದ ಗಂಡಸಿಗೆ ನ್ಯಾಯ ಸಿಗಲು ಆಲ್ಪ್ಸ್ ತನಕ ಹೋಗಬೇಕಾಯಿತು. ಆ ಉಪಕಾರವನ್ನು ತೂಗಿಸಲೋ ಏನೋ, ಬಾಡಿಗೆಯ ಮೇಲೆ ತಲೆಗಿಷ್ಟು, ರಾತ್ರಿಗಿಷ್ಟು ಎಂದು ಊರಿನ ತೆರಿಗೆಯನ್ನು ಹೊರಡುವ ದಿನ ಪ್ರತ್ಯೇಕ ಎಣಿಸಿಕೊಳ್ಳುತ್ತಾರೆ.

ಸಾಮಾನಿನ ಪಟ್ಟಿ ಸಿದ್ಧವಾಗಿದೆ. ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ, ದಿಢೀರ್ ಉಪ್ಪಿಟ್ಟು. ತುಪ್ಪದ ಬಾಟಲಿಯನ್ನು ನಾನೇ ತೆಗೆದಿಟ್ಟೆ. ಹೊರಗಿನವರು ಹಾಲಿನ ಪದಾರ್ಥ ಹೊತ್ತು ತರುವುದನ್ನು ಯುರೋಪಿನ ಒಕ್ಕೂಟ ನಿಷೇಧಿಸಿದೆ. ಹಸುವಿನ ಫೋಟೋ ತೆಗೆಯಲೆಂದೇ ಜನ ಹೋಗುವ ದೇಶಕ್ಕೆ ನಂದಿನಿ ತುಪ್ಪದಿಂದ ಅಪಾಯ! ಅಲ್ಲಿಯ ಆಲೂಗಡ್ಡೆ ಪಲ್ಯಕ್ಕೂ ಹಂದಿಮಾಂಸದ ಚೂರು ಬೆರೆಸುತ್ತಾರೆಂದು ಓದಿದ ದಿನವೇ ಅವಲಕ್ಕಿಯ ತೂಕ ಎರಡು ಕಿಲೋಗೆ ಏರಿತು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಎಂದು ತಿಳಿದ ಮೇಲೆ ಮೂರು. ನೀರೊಂದಕ್ಕೆ ತೊಂದರೆಯಿಲ್ಲ, ನಾರ್ಡ್‌ಕೆಟ್ಟೆ ಬೆಟ್ಟದ ಒರತೆಯ ನೀರೇ ನಲ್ಲಿಯಲ್ಲಿ ಬರುತ್ತದೆ, ಬಚ್ಚಲ ನಲ್ಲಿಗೇ ಬಾಯಿಟ್ಟು ಕುಡಿಯಬಹುದು. ಇದನ್ನು ಹೆಂಡತಿ ನಂಬಿಲ್ಲ. ಕುದಿಸಬೇಕು ಅನ್ನುತ್ತಾಳೆ.

ನಿನ್ನೆ ಹೋಟೆಲಿನಿಂದ ಪತ್ರ ಬಂತು. ನೀವು ಬರುವುದು ಎಷ್ಟು ಹೊತ್ತಿಗೆ? ನಮ್ಮ ಕೌಂಟರು ಸಂಜೆ ಎಂಟಕ್ಕೆ ಮುಚ್ಚುತ್ತದೆ. ಮ್ಯೂನಿಕ್‌ನಲ್ಲಿ ಇಳಿದು ಎರಡು ಗಂಟೆ ರೈಲು, ತಲುಪುವುದು ಒಂಬತ್ತೂವರೆಗೆ ಎಂದು ಬರೆದೆ. ಸಂತೋಷ, ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಬೀಗದ ಕೈ ಇಟ್ಟಿರುತ್ತೇವೆ, ಪೆಟ್ಟಿಗೆ ತೆಗೆಯುವ ಗುಪ್ತಸಂಖ್ಯೆಯನ್ನು ಕಳಿಸುತ್ತೇವೆ ಎಂದು ಉತ್ತರ. ಕೆಳಗೆ ಒಂದು ಸಾಲು: ನಾಲ್ಕೂ ರಾತ್ರಿಯ ಹಣ ಪೂರ್ತಿ ಸಂದ ಮೇಲೆ.

ಐನೂರು ವರ್ಷ ಕಳೆದರೂ ಮರೆತಿಲ್ಲ ನೋಡಿ. ಕಾರ್ಡಿನ ಸಂಖ್ಯೆ ಒತ್ತಿ ಹಣ ಕಟ್ಟಿದೆ. ಫೋನು ಟಿಣ್ ಅಂದಿತು, ಖಾತೆಯಿಂದ ಹೋಯಿತೆಂದು. ಬ್ಯಾಂಕಿನ ಹುಡುಗಿ ಮೊಹರು ಗುದ್ದಿದ್ದ ಶೇಷ ಮೊತ್ತ ಈಗ ಅಷ್ಟಿಲ್ಲ.

ಹೆಂಡತಿ ಬೆನ್ನ ಹಿಂದೆ ನಿಂತು ಓದುತ್ತಿದ್ದಳು.

"ಕೆಟಲ್ ಇದೆಯಾ ಅಂತ ಕೇಳಿದ್ರಾ?"